ಎಲ್ಲರ ಬಾಯಲ್ಲೂ ಮಾವನ ಹೆಸರು

ನಮ್ಮ ಅಕ್ಕಲಕೋಟದ ಅತ್ತೆ ಮದುವೆಯಾಗಿ ಐವತ್ತು ವರ್ಷ ದಾಟಿದರೂ ಗಂಡನ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ನಾಚಿಕೆಯ ಹೆಂಗಸೇನೂ ಅಲ್ಲ. ಓಣಿಗೆ ನಲ್ಲಿ ನೀರು ಬಂದಾಗ ಅವಳ ದನಿ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತದೆ. ಆದರೆ ಗಂಡನನ್ನು ಕರೆಯುವುದು ಮಾತ್ರ “ಕೇಳ್ರಿಲ್ಲೆ”, “ಎಲ್ಲಿದ್ದೀರಿ”, ಬಹಳ ಸಿಟ್ಟು ಬಂದಾಗ “ಏನ್ರಿ, ನಿಮಗ ಹೇಳಾಕತ್ತೀನಿ”. ಅಷ್ಟರಲ್ಲೇ ಇಡೀ ಸಂಸಾರ ಸಾಗಿಸಿದಳು.

ನಮ್ಮ ಕಡೆ ಗಂಡನ ಹೆಸರನ್ನು ಸುಮ್ಮನೆ ಕೂಗುವಂತಿಲ್ಲ, ನಿಜ. ಆದರೆ ಮದುವೆಯೋ ಸೀಮಂತವೋ ಆಗಿ ನಾಲ್ಕು ಜನ ಸೇರಿದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು “ಹೆಸರ ಹೇಳು, ಒಳಗ ಬಿಡ್ತೀವಿ” ಅನ್ನುತ್ತಾರೆ. ಆಗ ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಸೇರಿಸಿ ಹೇಳಬೇಕು. ಅದಕ್ಕೆ ನಾವು ಒಡಪು ಅನ್ನುತ್ತೇವೆ, ಪಕ್ಕದ ಮನೆಯ ಮರಾಠಿಯವರು ಉಖಾಣಾ ಅನ್ನುತ್ತಾರೆ. ಒಡಪಿನಲ್ಲಿ ಹೇಳಿದರೆ ತಪ್ಪಿಲ್ಲ. ವರ್ಷವಿಡೀ ಬಾಯಿ ಬಿಗಿಹಿಡಿದ ಹೆಂಗಸರು ಅವತ್ತು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾರೆ.

ಅತ್ತೆ ಆ ದಾರಿಗೂ ಬರಲಿಲ್ಲ. ಅವಳು ಮದುವಣಗಿತ್ತಿಯಾಗಿ ಅಕ್ಕಲಕೋಟದ ಮನೆಗೆ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಕೈ ಅಡ್ಡ ಹಿಡಿದು ಹೆಸರು ಕೇಳಿದರಂತೆ. ಅವಳು ಅವರ ಕೈ ಕೆಳಗೆ ನುಸುಳಿ, ಅಕ್ಕಿಯ ಸೇರನ್ನು ಒದ್ದುಕೊಂಡೇ ಒಳಗೆ ಓಡಿ, ದೇವರ ಮನೆಯಲ್ಲಿ ಕೂತುಬಿಟ್ಟಳಂತೆ. ದೇವರ ಮುಂದೆ ಕೂತವಳನ್ನು ಎಬ್ಬಿಸಿ ಜಗಳ ತೆಗೆಯುವುದು ಹೇಗೆ? ಹಾಗೆ ಮೊದಲ ದಿನವೇ ಗೆದ್ದಳು. ಗೆದ್ದದ್ದನ್ನು ಬಿಟ್ಟುಕೊಡುವ ಜಾಯಮಾನ ಅವಳದಲ್ಲ, ನಮ್ಮ ಮನೆತನದಲ್ಲಿ ಯಾರದೂ ಅಲ್ಲ.

ಅವಳ ಹಟಕ್ಕೆ ಒಂದು ಕಾರಣವಿತ್ತು. ನನ್ನ ಅಜ್ಜಿ ಮದುವೆಯ ಹಿಂದಿನ ದಿನ ಮಗಳಿಗೆ ಹೇಳಿದ್ದಳು, ಗಂಡನ ಹೆಸರು ಹೇಳಿದಷ್ಟೂ ಅವನ ಆಯುಷ್ಯ ಸವೆಯುತ್ತದೆ ಅಂತ. ಎಲ್ಲ ತಾಯಂದಿರೂ ಹೇಳುವ ಮಾತೇ ಅದು. ಒಡಪಿಗೆ ಆ ದೋಷ ಇಲ್ಲ ಅಂತಲೂ ಎಲ್ಲರಿಗೂ ಗೊತ್ತು. “ಇಲ್ಲಂತ ಯಾರ ನೋಡಿ ಬಂದಾರ?” ಅಂತ ಅತ್ತೆಯ ವಾದ. “ಬ್ಯಾರೆಯವರ ಗಂಡಂದಿರ ಮಾತ ಬ್ಯಾರೆ. ನಂದು ಒಂದೇ ಅದ.”

ಮಾವನಿಗೆ ಮಾತ್ರ ಅವಳ ಬಾಯಿಂದ ತನ್ನ ಹೆಸರು ಕೇಳಬೇಕೆಂಬ ಆಸೆ ಹೋಗಿರಲಿಲ್ಲ. ಅವರು ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಮೈಂದರ್ಗಿ, ಸೊಲ್ಲಾಪುರ, ಮಂಗಳವೇಢೆ ಅಂತ ದಿನಾ ಮೈಕಿನಲ್ಲಿ ಊರೂರಿನ ಹೆಸರು ಕೂಗಿ ಕೂಗಿ ಗಂಟಲು ಕಂಚಾಗಿತ್ತು. ಒಮ್ಮೆ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಾಗ ನನಗೇ ಹೇಳಿದರು: “ಏ ಹುಡಗಿ, ಎಲ್ಲಾರೂ ನನ್ನ ಹೆಸರಲೇ ಕರೀತಾರ. ಪೋಸ್ಟಿನವ ಕರೀತಾನ, ಡಾಕ್ಟರ ಕರೀತಾನ. ನಿಮ್ಮತ್ತಿ ಬಾಯಾಗ ಅದು ಹೆಂಗ ಕೇಳಸ್ತದ, ಅಷ್ಟ ಕೇಳಿ ಸಾಯಬೇಕಂತ ಅದ ನೋಡು.”

ಒಳಗಿಂದ ಅತ್ತೆ ಅಂದಳು: “ಹಂಗಾರ ಹೇಳೂದೇ ಇಲ್ಲ. ಕೇಳೂಮಟಾ ಸಾಯೂದಿಲ್ಲಲ್ಲ!”

ಮಾವ ಶೇಂಗಾ ಸುಲಿಯುತ್ತ ನಕ್ಕರು. ನನಗೆ ನಗು ಬರಲಿಲ್ಲ.

ಮಾವನಿಗೆ ಎಂಬತ್ತು ತುಂಬಿ ಸಹಸ್ರಚಂದ್ರದರ್ಶನ ಶಾಂತಿ ಮಾಡುವುದೆಂದು ನಿಶ್ಚಯವಾಯಿತು. ನಮ್ಮಲ್ಲಿ ಆ ದಿನ ಮುದುಕ ಮುದುಕಿಯನ್ನು ಮತ್ತೆ ಮದುಮಕ್ಕಳಂತೆ ಕೂರಿಸಿ, ಹಾರ ಹಾಕಿಸುತ್ತಾರೆ. ಹಾರ ಬಂದಲ್ಲಿ ಹೆಸರು ಹೇಳುವ ಆಟವೂ ಬರುತ್ತದೆ. ಅತ್ತೆಯ ಸೊಸೆ ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದವಳು, ಚುರುಕು ಹುಡುಗಿ. ಬಾಯಲ್ಲಿ ಕನ್ನಡ, ಬೆರಳಲ್ಲಿ ಮರಾಠಿ. ಫೋನಿನಲ್ಲಿ ಕನ್ನಡವನ್ನು ಮರಾಠಿ ಅಕ್ಷರದಲ್ಲೇ ಬರೆಯುತ್ತಾಳೆ. ಅವಳು ಒಂದು ಉಪಾಯ ಹೂಡಿದಳು. ಬರುವ ಹೆಂಗಸರೆಲ್ಲರಿಂದ ಒಂದೊಂದು ಒಡಪು ಮೊದಲೇ ತರಿಸಿಕೊಳ್ಳುವುದು, ಚೆಂದದ ಕಾರ್ಡಿನಲ್ಲಿ ಅಚ್ಚು ಹಾಕಿಸುವುದು, ಸರದಿಯ ಮೇಲೆ ಓದಿಸುವುದು. “ಎಲ್ಲಾರೂ ಹೇಳಿದ ಮ್ಯಾಲ ಅತ್ತಿ ಒಬ್ಬರೇ ಹೆಂಗ ಸುಮ್ನ ಕೂಡ್ತಾರ, ಅಕ್ಕಾ? ಕಾರ್ಡ್ ನೀವು ಮಾಡಿ ಕೊಡ್ರಿ.”

ನಾನು ಸೊಲ್ಲಾಪುರದ ಒಂದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವಳು. ಈಗ ಜೋಡಿಸುವುದೇನಿದ್ದರೂ ಕಂಪ್ಯೂಟರಿನಲ್ಲೇ. ಮದುವೆ ಪತ್ರಿಕೆ, ತೊಟ್ಟಿಲ ಬಾರಸೆಯ ಪತ್ರಿಕೆ, ಅಂಗಡಿಯ ಬಿಲ್ಲು, ಕನ್ನಡದ್ದು, ಮರಾಠಿಯದ್ದು, ತೆಲುಗಿನದ್ದು, ಎಲ್ಲ ನನ್ನ ಕೈಯಿಂದ ದಾಟಿಯೇ ಹೋಗಬೇಕು. ಮಾವನ ಆಸೆ ಈಡೇರಬಹುದು ಅಂದರೆ ನಾನು ಇಲ್ಲ ಅನ್ನುತ್ತೇನೆಯೇ?

ಒಡಪುಗಳು ಫೋನಿಗೆ ಸುರಿದವು. ಏನು ಒಡಪು, ಏನು ಒಡಪು! ಓದುತ್ತ ಓದುತ್ತ ನಾನು ಪ್ರೆಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದರೆ ಮಾಲಕರು ಗಾಜಿನಾಚೆಯಿಂದ ಇಣುಕಿ ನೋಡಿದರು. ಅತ್ತೆಯ ಎದುರು ಮನೆಯ, ನಾವೆಲ್ಲ ಕಾಕು ಅಂತ ಕರೆಯುವ ಹಿರಿಯಳದು ಹೀಗಿತ್ತು, ಹೆಸರಿನ ಜಾಗವನ್ನು ನಾನು ಖಾಲಿ ಬಿಟ್ಟಿದ್ದೇನೆ:

ಶೇಂಗಾ ಚಟ್ನಿ ಕುಟ್ಟುವಾಗ ಹೆಚ್ಚಿಗಿ ಬಿತ್ತು ಉಪ್ಪು,
……ರಾಯರು ಮಾಡಿದ್ದೆಲ್ಲಾ ಸರಿ, ನಾ ಮಾಡಿದ್ದೆಲ್ಲಾ ತಪ್ಪು.

ಅತ್ತೆಯ ತಂಗಿ, ಅಂದರೆ ನನ್ನ ಸಣ್ಣತ್ತೆ, ಕಳಿಸಿದ್ದು:

ಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ,
……ರಾಯರಿಗೆ ನನಗಿಂತ ಕಡಿಮಿ ಬುದ್ಧಿ.

ಒಡಪು ಚೆಂದ, ಬರಹ ಮಾತ್ರ ಸಂತೆ. ಕೆಲವರದು ಕನ್ನಡ ಅಕ್ಷರ, ಹೆಚ್ಚಿನವರದು ಮರಾಠಿ ಅಕ್ಷರ. ಗಂಡನ ಹೆಸರನ್ನು ಎರಡು ನಕ್ಷತ್ರದ ಗುರುತಿನ ನಡುವೆ ಬರೆಯಿರಿ ಅಂತ ಸೊಸೆ ಹೇಳಿದ್ದಳು, ಅಷ್ಟನ್ನು ಎಲ್ಲರೂ ಪಾಲಿಸಿದ್ದರು. ಆದರೆ ನಕ್ಷತ್ರಗಳ ನಡುವೆ ಏನೇನಿತ್ತು! ಒಬ್ಬಳು ಹೆಸರಿನ ಹಿಂದೆ ಮುಂದೆ ಕೆಂಪು ಹೃದಯ ಹಾಕಿದ್ದಳು. ಒಬ್ಬಳು ಸಾಹೇಬ ಅಂದರೆ ಇನ್ನೊಬ್ಬಳು ಪಂತ ಅಂದಿದ್ದಳು, ಮತ್ತೊಬ್ಬಳು ಬೆದರಿ ಸಾಲುಸಾಲು ಚುಕ್ಕಿ ಇಟ್ಟು ಕೊನೆಗೆ ಹೆಸರು ಬರೆದಿದ್ದಳು. ಕಾರ್ಡಿನ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ ಅಕ್ಷರ ಬೇಕು. ಎಲ್ಲ ಗಂಡಂದಿರೂ ಸಮಾನವಾಗಿ ರಾಯರಾಗಬೇಕು.

ಇದನ್ನೆಲ್ಲ ಕೈಯಿಂದ ತಿದ್ದುವವಳು ನಾನಲ್ಲ. ಹುಡುಕಿ ಬದಲಿಸುವ ಕೆಲಸ ಎಲ್ಲರಿಗೂ ಗೊತ್ತು, ಇದನ್ನು ಹುಡುಕು, ಅದನ್ನು ಇಡು. ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನುವುದು ಅದರ ಹಿರಿಯಕ್ಕ. ಅವಳಿಗೆ ಹೆಸರು ಹೇಳಬೇಕಾಗಿಲ್ಲ, ಗುರುತು ಹೇಳಿದರೆ ಸಾಕು: ಒಂದು ನಕ್ಷತ್ರ, ಆಮೇಲೆ ನಕ್ಷತ್ರವಲ್ಲದ್ದು ಏನೇ ಇರಲಿ ಎಷ್ಟೇ ಇರಲಿ, ಮತ್ತೆ ಒಂದು ನಕ್ಷತ್ರ. ನಡುವಿನದಕ್ಕೆ ಕಂಸ ಹಾಕಿದೆನೆಂದರೆ ಅಲ್ಲಿ ಸಿಕ್ಕಿದ್ದನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡಿರುತ್ತಾಳೆ. ಬದಲಿಸುವಾಗ ‘ಕಟ್ಟಿಕೊಂಡದ್ದನ್ನು ಬಿಚ್ಚು’ ಅಂದರೆ ಅದನ್ನೇ ತಿರುಗಿ ಇಡುತ್ತಾಳೆ. ನನಗೆ ಬಹಳ ಪ್ರೀತಿ ಇದರ ಮುಂದಿನ ಮಾತಿನ ಮೇಲೆ. ಸಿಕ್ಕಿದ್ದನ್ನು ಹಾಗೇ ಇಡದೆ, ಇಡುವ ಮೊದಲು ಒಂದು ಪುಟ್ಟ ಫಂಕ್ಷನ್ನಿನ, ಅಂದರೆ ನಾವೇ ಬರೆದಿಟ್ಟ ಸಣ್ಣ ಆದೇಶಪಟ್ಟಿಯ, ಕೈಗೆ ಕೊಡಬಹುದು. ಅದು ಪ್ರತಿಯೊಂದು ಹೆಸರನ್ನೂ ಬೇರೆಬೇರೆಯಾಗಿ ತೆಗೆದುಕೊಂಡು, ಮೀಯಿಸಿ, ತಲೆ ಬಾಚಿ, ಅದರದರ ಜಾಗಕ್ಕೆ ಕಳಿಸುತ್ತದೆ.

ನಾನು ಅಂಥದೊಂದು ಬರೆದೆ. ಹೆಸರು ಕೈಗೆ ಬಂದ ಕೂಡಲೇ ಹೃದಯ, ಚುಕ್ಕಿ, ಸಾಹೇಬ, ಪಂತ ಎಲ್ಲ ತೆಗೆ. ಮರಾಠಿ ಅಕ್ಷರವಿದ್ದರೆ ಕನ್ನಡ ಮಾಡು. ಕಂಪ್ಯೂಟರಿನೊಳಗೆ ಆ ಅಕ್ಷರಗಳೂ ನಮ್ಮ ಅಕ್ಷರಗಳೂ ಎರಡು ಓಣಿಗಳಲ್ಲಿ ಒಂದೇ ಸಾಲಿನಲ್ಲಿ ಮನೆ ಮಾಡಿಕೊಂಡಿವೆ, ಆ ಓಣಿಯಿಂದ ಇಷ್ಟು ಮನೆ ದಾಟಿದರೆ ಈ ಓಣಿಯ ಅದೇ ಅಕ್ಷರ ಸಿಗುತ್ತದೆ. ಒಡಪಿನ ಉಳಿದ ಮಾತನ್ನೂ ಹೀಗೇ ದಾಟಿಸಿದೆ. ಮರಾಠಿಗೆ ಗಿಡ್ಡ ಎ ಇಲ್ಲ, ಸಣ್ಣತ್ತೆಯ ಬೆಣ್ಣಿ ದಾಟುವಾಗ ಬೇಣ್ಣಿ ಆಗಿ ಎಳೆದುಕೊಂಡಿತು, ಅಂಥವನ್ನು ಕೈಯಾರೆ ಸರಿಮಾಡಿದೆ. ಹೆಸರಿನ ಕೊನೆಗೆ ರಾಯ ಅಂತ ಸೇರಿಸು. ಕೆಲಸ ನೋಡಿ ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು. ಇದ್ದರೆ ಇಂಥ ಸೊಸೆ ಇರಬೇಕು ಅಂತ ಫಂಕ್ಷನ್ನನ್ನು ಹೊಗಳಿದೆ.

ಒಂದು ಸಂಶಯ ಉಳಿದಿತ್ತು. ಎಲ್ಲ ಹೆಸರುಗಳಲ್ಲಿ ಮಾವನದೇ ಉದ್ದ. ಅಷ್ಟುದ್ದದ ಹೆಸರು ದಪ್ಪ ಅಕ್ಷರದಲ್ಲಿ ಸಾಲಿನೊಳಗೆ ಹಿಡಿದೀತೇ? ಪರೀಕ್ಷೆಗೆಂದು ಫಂಕ್ಷನ್ನಿಗೆ ಹೇಳಿದೆ: ನಿನ್ನ ಕೈಗೆ ಯಾವ ಹೆಸರು ಬಂದರೂ ಅದನ್ನು ಬದಿಗಿಡು, ಎಲ್ಲ ಕಡೆ ಮಾವನ ಹೆಸರನ್ನೇ ಕೊಡು. ಕೊಟ್ಟಿತು. ಎಲ್ಲ ಸಾಲಿನಲ್ಲೂ ಹಿಡಿಯಿತು. ಅದನ್ನು ರದ್ದು ಮಾಡಿ ಒಡಪುಗಳನ್ನು ಮೊದಲಿನ ಸ್ಥಿತಿಗೆ ತಂದೆ. ಅಷ್ಟರಲ್ಲಿ ಮಾಲಕರು ಒಂದು ಅರ್ಜೆಂಟ್ ಲಗ್ನಪತ್ರಿಕೆ ತಂದು ಎದುರಿಗಿಟ್ಟರು.

ಲಗ್ನಪತ್ರಿಕೆ ಮುಗಿಸಿ ತಿರುಗಿ ಒಡಪಿಗೆ ಬಂದು, ‘ಎಲ್ಲವನ್ನೂ ಬದಲಿಸು’ ಒತ್ತಿದೆ. ಫಂಕ್ಷನ್ನಿಗೆ ಕೊಟ್ಟ ಪರೀಕ್ಷೆಯ ಮಾತನ್ನು ಹಿಂದೆ ತೆಗೆದುಕೊಂಡಿರಲಿಲ್ಲ. ಮೊದಲ ಕಾರ್ಡು ತೆರೆದು ನೋಡಿದೆ. ಅದು ಅತ್ತೆಗಾಗಿ ನಾನೇ ಕಟ್ಟಿದ ಒಡಪು. ಅಲ್ಲಿ ಮಾವನ ಹೆಸರು ದಪ್ಪಗೆ, ಕೆಂಪಗೆ, ಸರಿಯಾಗಿ ಕೂತಿತ್ತು. ಸರಿಯಾಗಿಯೇ ಇರಬೇಕಲ್ಲ! ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಸಾಕು ಅನ್ನುತ್ತಾರೆ. ನಾನು ಹಿಸುಕಿದ ಅಗುಳು ಬೆಂದಿತ್ತು. ಅಚ್ಚು ಹಾಕಿ, ಕತ್ತರಿಸಿ, ಪ್ರತಿ ಕಾರ್ಡನ್ನೂ ಅವರವರ ಹೆಸರಿನ ಲಕೋಟೆಗೆ ಹಾಕಿ, ಅಕ್ಕಲಕೋಟದ ಬಸ್ಸು ಹತ್ತಿದೆ.

ಶಾಂತಿಯ ದಿನ ಅತ್ತೆಯ ಮನೆಯ ಮುಂದೆ ಚಪ್ಪರದ ಮಾಂಡವ ಹಾಕಿದ್ದರು. ಹೋಮ ಮುಗಿದಿತ್ತು. ಒಳಗಿಂದ ಹೂರಣದ ಹೋಳಿಗೆಯ ವಾಸನೆ, ಕಟ್ಟಿನ ಸಾರಿನ ವಾಸನೆ. ಮಾವ ಹೊಸ ಧೋತರ ಉಟ್ಟು, ಕೊರಳಿಗೆ ಹಾರ ಹಾಕಿಕೊಂಡು ಮಣೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಅತ್ತೆ ಹಸಿರು ಇಳಕಲ್ ಸೀರೆಯಲ್ಲಿ, ಯಾರೋ ಸಾಲ ಕೇಳಲು ಬಂದಿದ್ದಾರೆ ಅನ್ನುವ ಮುಖ ಮಾಡಿಕೊಂಡಿದ್ದಳು. ಇಂಥದೇನೋ ಕಾದಿದೆ ಅಂತ ಅವಳಿಗೆ ಗೊತ್ತಿತ್ತು.

ಸೊಸೆ ಲಕೋಟೆಗಳ ತಟ್ಟೆ ಹಿಡಿದು ಬಂದು ಸಾರಿದಳು: “ಹೆಸರ ಹೇಳೂಮಟಾ ಎಲಿ ಹಾಕೂದಿಲ್ಲ!”

ಗಂಡಸರು ಹಸಿದಿದ್ದರು, ಒಕ್ಕೊರಲಿನಿಂದ “ಹೇಳ್ರಿ, ಲಗೂ ಹೇಳ್ರಿ” ಅಂದರು. ಮೊದಲ ಲಕೋಟೆ ಅತ್ತೆಯದು. ಅವಳು ಅದನ್ನು ತೆರೆಯದೆ ತೊಡೆಯ ಕೆಳಗೆ ಇಟ್ಟುಕೊಂಡಳು. “ಮೊದಲ ಉಳದವರದು ಆಗಲಿ. ನಂದೇನು ಓಡಿ ಹೋಗ್ತದ?”

ಬೆಳಗಿನಿಂದ ನೆಟ್ಟಗಿದ್ದ ಮಾವನ ಬೆನ್ನು ಸ್ವಲ್ಪ ಬಾಗಿತು. ನಾನು ನೋಡಿದೆ.

ಎದುರು ಮನೆಯ ಕಾಕು ಎದ್ದರು. ದಪ್ಪ ಕನ್ನಡಕ, ಗಟ್ಟಿ ದನಿ. ಕಾರ್ಡು ಮೂಗಿಗೆ ಹಿಡಿದು ಓದಿದರು. ಶೇಂಗಾ ಚಟ್ನಿ ಬಂತು, ಉಪ್ಪು ಬಂತು, ಆಮೇಲೆ ಯಾವ ಅಳುಕೂ ಇಲ್ಲದೆ ನಮ್ಮ ಮಾವನ ಹೆಸರು ಬಂತು. ಓದಿದ ಮೇಲೆಯೇ ಅವರಿಗೆ ಅದು ಯಾರ ಹೆಸರೆಂದು ಹೊಳೆದದ್ದು. ಅವರ ಯಜಮಾನರು ಗಂಡಸರ ಸಾಲಿನಿಂದ ಕೇಳಿದರು: “ಏನ, ನನ್ನ ಬಿಟ್ಟು ಅವರ ಮನಿಗಿ ಯಾವಾಗ ಹೋದಿ?”

“ಕಾರ್ಡಿನಾಗ ಇದ್ದಂಗ ಓದೀನ್ರಿ ನಾ!” ಅಂದರು ಕಾಕು. ನಗೆ ಎದ್ದಿತು.

ಮುಂದೆ ಸಣ್ಣತ್ತೆ. ಅವಳು ಲಕೋಟೆ ಬಿಚ್ಚಿ, ಕಣ್ಣು ಕಿರಿದು ಮಾಡಿ, ಅಕ್ಕನ ಕಡೆ ನೋಡಿದಳು. “ಅಕ್ಕಾ, ಇಲ್ಲೂ ನಿಮ್ಮ ಮನಿಯವರೇ ಬಂದು ಕೂತಾರಲ್ಲ!” ಭಾವನನ್ನು ಛೇಡಿಸುವ ಹಕ್ಕು ಅವಳಿಗಿದ್ದೇ ಇದೆ. ಬೆಣ್ಣೆ ಮುದ್ದೆಯ ಜೊತೆ, ಮಾವನಿಗೆ ತನಗಿಂತ ಕಡಿಮೆ ಬುದ್ಧಿ ಅಂತ ರಾಗವಾಗಿ ಓದಿಯೇ ಕೂತಳು.

ಸೊಸೆ ಸರಕ್ಕನೆ ತನ್ನ ಲಕೋಟೆ ಬಿಚ್ಚಿದಳು. ಓದಿ, ಕಾರ್ಡಿನಿಂದಲೇ ಬಾಯಿ ಮುಚ್ಚಿಕೊಂಡಳು. ಗಂಡನ ಹೆಸರು ಹೇಳುವುದೇ ಕಷ್ಟವಿರುವಲ್ಲಿ ಗಂಡನ ಜಾಗದಲ್ಲಿ ಮಾವನ ಹೆಸರು! ಅವಳು ನನ್ನ ಬಳಿ ಓಡಿ ಬಂದಳು. “ಅಕ್ಕಾ, ಏನ ಮಾಡಿಟ್ಟೀರಿ ಇದು? ಎಲ್ಲಾ ಕಾರ್ಡಿನಾಗೂ ಮಾಮಾನ ಹೆಸರೇ ಅದ!”

ಆಗ ನನಗೆ ಪ್ರೆಸ್ಸಿನ ಮಧ್ಯಾಹ್ನ ನೆನಪಾಯಿತು. ಫಂಕ್ಷನ್ನಿನ ತಪ್ಪಿಲ್ಲ, ಅದು ಹೇಳಿದ ಮಾತು ಕೇಳಿತ್ತು. ಪ್ರತಿ ಹೆಂಗಸಿನ ಗಂಡನನ್ನೂ ಎರಡು ನಕ್ಷತ್ರಗಳ ನಡುವಿನಿಂದ ಎಚ್ಚರಿಕೆಯಿಂದ ಎತ್ತಿಕೊಂಡು, ಬದಿಗಿಟ್ಟು, ಅಲ್ಲಿ ನಮ್ಮ ಮಾವನನ್ನು ಕೂರಿಸಿತ್ತು. ನಾನು ಕಾರ್ಡು ಹಿಂದಕ್ಕೆ ಕೇಳಲು ಹೋದೆ. ಯಾರು ಕೊಡುತ್ತಾರೆ? ಮೈಂದರ್ಗಿಯಿಂದ ಬಂದಿದ್ದ ಬೀಗಿತ್ತಿಯೊಬ್ಬರು ಕಾರ್ಡನ್ನು ಕುಪ್ಪಸದಲ್ಲಿ ಸೇರಿಸಿಕೊಂಡರು. “ಎಂಬತ್ತ ವರ್ಷದ ಮದುಮಗ ಸಿಕ್ಕಾನ, ಬಿಡೂದುಂಟೇನ? ನಂದೂ ಓದ್ತೀನಿ.”

ಆಮೇಲೆ ತಡೆಯುವವರಿಲ್ಲ. ಒಬ್ಬರಾದ ಮೇಲೆ ಒಬ್ಬರು ಎದ್ದರು. ಸೊಲ್ಲಾಪುರದ ಚಾದರದ ಜೊತೆ ಮಾವನ ಹೆಸರು, ಹುರುಳಿ ಹಪ್ಪಳದ ಜೊತೆ ಮಾವನ ಹೆಸರು. ಮಾವನಿಗೆ ಚಹಾ ತಡವಾದರೆ ಸಿಟ್ಟು ಬರುತ್ತದೆ, ಮಾವ ಗೊರಕೆ ಹೊಡೆಯುತ್ತಾರೆ, ಮಾವ ನಾಲ್ಕೆಳೆ ಸರ ಮಾಡಿಸುತ್ತೇನೆಂದು ಎರಡೆಳೆಯದು ತಂದರು. ಊರಿನ ಗಂಡಂದಿರ ಗುಣದೋಷವೆಲ್ಲ ಒಬ್ಬರ ತಲೆಗೆ ಬಂದವು. ಗಂಡಸರು ಹಸಿವು ಮರೆತು ಹೊಟ್ಟೆ ಹಿಡಿದು ನಗುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅಂಥ ಸುಖದ ನಗು ಆ ಮೊದಲು ನಾನು ನಕ್ಕ ನೆನಪಿಲ್ಲ.

ಅತ್ತೆ ಮಾತ್ರ ನಗುತ್ತಿರಲಿಲ್ಲ. ಪ್ರತಿ ಸಲ ಆ ಹೆಸರು ಬಂದಾಗ ಯಾರೋ ಚಿವುಟಿದ ಹಾಗೆ ಅವಳ ಭುಜ ಅಲುಗುತ್ತಿತ್ತು. ಒಮ್ಮೆ ಕೈ ಚಾಚಿ ಮಾವನ ಧೋತರದ ಅಂಚನ್ನು ಹಿಡಿದುಕೊಂಡಳು. ಅಜ್ಜಿಯ ಮಾತು ಅವಳ ತಲೆಯಲ್ಲಿ ಓಡುತ್ತಿದೆ ಎಂದು ನನಗೆ ತಿಳಿದುಹೋಯಿತು. ನಗುತ್ತಿದ್ದವಳು ಸುಮ್ಮನಾದೆ.

“ಸಾಕ ಮಾಡ್ರಿ!”

ನಲ್ಲಿ ನೀರು ಬಂದಾಗಿನ ದನಿ ಅದು. ಅತ್ತೆ ಎದ್ದು ನಿಂತಿದ್ದಳು.

“ಇಷ್ಟ ವರ್ಷ ನಾ ಬಾಯಿಗಿ ಕೀಲಿ ಹಾಕ್ಕೊಂಡು ಜ್ವಾಕಿ ಮಾಡೀನಿ. ಹೆರಿಗಿ ಬ್ಯಾನಿ ತಿನ್ನುವಾಗ ಸೈತ ಕರದಿಲ್ಲ. ಅವರಿಗಿ ಟೈಫಾಯ್ಡ್ ಆಗಿ ಮಾತ ನಿಂತಾಗ ಸೈತ ಕರದಿಲ್ಲ. ಒಂದೊಂದ ದಿವ್ಸ ಉಳಿಸಿ ಎಂಬತ್ತಕ್ಕ ತಂದೀನಿ. ನೀವು ಕುಂತ ಕುಂತಲ್ಲೇ ಉಡಾಯಸಾಕತ್ತೀರಿ?”

ಬೀಗಿತ್ತಿ ಕಾರ್ಡನ್ನು ಮೆಲ್ಲಗೆ ತಟ್ಟೆಗೆ ಹಾಕಿದರು. ಅತ್ತೆ ಮೊಂಡಾಟ ಮಾಡುತ್ತಾಳೆ ಅಂತ ನಾವು ಇಷ್ಟು ವರ್ಷ ಆಡಿಕೊಂಡಿದ್ದೆವು. ಅವಳ ಮೇಲೆ ನನಗೆ ಆಗ ಎಷ್ಟು ಪ್ರೀತಿ ಬಂತೆಂದರೆ ಎದ್ದು ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು.

ಮಾವ ಅವಳ ಕೈ ಹಿಡಿದು, ಕೂತಲ್ಲಿಂದಲೇ ಮುಖ ಎತ್ತಿ ನೋಡಿದರು. “ನಾ ಏನ ಸವದೀನೇನ? ನೋಡು, ಹಂಗೇ ಇದ್ದೀನಿ. ಇಷ್ಟ ಮಂದಿ ಕರದರು, ನಾ ಒಬ್ಬರಿಗರೆ ಓ ಅಂದ್ನೇನ?”

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸವೆದಿದ್ದಾರೋ ಇಲ್ಲವೋ ಅಂತ ನಿಜವಾಗಿಯೂ ಪರೀಕ್ಷೆ ಮಾಡುವವಳ ಹಾಗೆ. ತೊಡೆಯ ಕೆಳಗಿದ್ದ ನನ್ನ ಲಕೋಟೆ ಮಣೆಯ ಮೇಲೆ ಹಾಗೇ ಬಿದ್ದಿತ್ತು, ಅದರ ಕಡೆ ತಿರುಗಿಯೂ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, ಹೆಂಗಸರ ಸಾಲಿಗೆ ಮುಖ ತಿರುಗಿಸಿ, ನಿಂತ ನಿಲುವಿನಲ್ಲೇ ಒಡಪು ಕಟ್ಟಿದಳು:

“ಊರ ಬಾವಿ ನೀರು ಸೇದ್ರಿ, ಊರ ಮಂದಿ ಎಲ್ಲಾ,
ಈ ಹೆಸರು ನಂದೊಬ್ಬಾಕಿದು, ಕಡಾ ಕೊಡೂದಿಲ್ಲ.”

ಹೆಸರು ಒಡಪಿನಲ್ಲಿ ಬರಲೇ ಇಲ್ಲ. ಸೊಸೆ ನನ್ನ ಮುಖ ನೋಡಿದಳು, ಈ ಸಲವೂ ನುಸುಳಿದಳು ಅಂತ ಇಬ್ಬರಿಗೂ ಅನ್ನಿಸಿತು. ಆಗ ಅತ್ತೆ ಗಂಡನ ಕಡೆ ತಿರುಗಿದಳು. ಪ್ರಾಸವಿಲ್ಲ, ರಾಯರು ಇಲ್ಲ, ಹಿಂದೆ ಮುಂದೆ ಏನೂ ಇಲ್ಲ. ಅಂಗಳದಲ್ಲಿ ಆಡುತ್ತಿರುವ ಗೆಳೆಯನನ್ನು ಕೂಗಿದ ಹಾಗೆ ಆ ಉದ್ದ ಹೆಸರನ್ನು ಒಂದಕ್ಷರವೂ ಬಿಡದೆ ಕೂಗಿದಳು.

ಮಾವ ಆಗಲೇ ಎದ್ದು ನಿಂತಿದ್ದರು.

“ಓ” ಅಂದರು.